ಮಂಡಕ್ಕಿಯೋ ಅಕ್ಕಿಯೋ: ನಿಮ್ಮ ಪ್ರಾಜೆಕ್ಟಿಗೆ ಯಾವ ನ್ಯಾನೋಶೀಟ್?

ಈ ಸಲವೂ ಮೂವರು ಬಂದರು. ಎಂ.ಎಸ್ಸಿ. ಕೊನೆಯ ವರ್ಷ, ಪ್ರಾಜೆಕ್ಟಿಗೆ ಸಿಗುವುದು ನಾಲ್ಕು ತಿಂಗಳು. ಮೊಬೈಲಿನಲ್ಲಿ ಒಂದು ಪೇಪರ್ ತೆರೆದಿಟ್ಟುಕೊಂಡು, "ಮೇಡಂ, ನಾವು ಮ್ಯಾಕ್ಸೀನ್ ಮಾಡೋಣ ಅನ್ಕಂಡೀವಿ" ಅಂದರು.

"ಯಾಕಪ್ಪಾ ಅದೇ?"

"ಈಗ ಎಲ್ರೂ ಅದನ್ನೇ ಮಾಡ್ತಿದಾರೆ ಮೇಡಂ."

"ನಿಮ್ಮ ಲ್ಯಾಬಿನ ಫ್ಯೂಮ್ ಹುಡ್ ಫ್ಯಾನ್ ತಿರುಗುತ್ತಾ?"

ಮೂವರೂ ಮುಖ ಮುಖ ನೋಡಿಕೊಂಡರು. ವಿಷದ ಹೊಗೆ ಹೊರಗೆಳೆಯುವ ಆ ಪೆಟ್ಟಿಗೆ ಇಲ್ಲದೆ ಮ್ಯಾಕ್ಸೀನ್ ಮಾಡುವಂತಿಲ್ಲ.

ನಾನು ದಾವಣಗೆರೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಇಲ್ಲಿಯ, ಚಿತ್ರದುರ್ಗದ ಕಾಲೇಜು ಲ್ಯಾಬುಗಳು ನನಗೆ ಗೊತ್ತು. ಒಂದು ಓವನ್, ಒಂದೆರಡು ಆಟೋಕ್ಲೇವ್ (ಓವನ್ನಿನಲ್ಲಿಡುವ ಬಿಗಿ ಮುಚ್ಚಳದ ಪಾತ್ರೆ), ಒಂದು ಸೆಂಟ್ರಿಫ್ಯೂಜ್, ಮೂರು ಗುಂಪು ಹಂಚಿಕೊಳ್ಳುವ ಒಂದು ಪೊಟೆನ್ಷಿಯೋಸ್ಟಾಟ್ (ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ಯಂತ್ರ). ಇಷ್ಟಿದ್ದರೆ ಒಳ್ಳೆಯ ಲ್ಯಾಬ್ ಅಂತಲೇ ಲೆಕ್ಕ. ಈ ಬರಹ ಅಂಥ ಲ್ಯಾಬಿನಲ್ಲಿ ಕೂತವರಿಗೆ. ನ್ಯಾನೋಶೀಟ್ ಅಂದರೆ ಕೆಲವೇ ಪರಮಾಣುಗಳಷ್ಟು ದಪ್ಪದ ಹಾಳೆ. ಚಾರ್ಜ್ ಕೂಡಿಡಲು, ನೀರು ಒಡೆಯಲು ಬಳಸುತ್ತಾರೆ. ಮ್ಯಾಕ್ಸೀನ್ ಅಂಥದ್ದೊಂದು. ಪೇಪರಿನಲ್ಲಿ ಯಾವ ನಂಬರ್ ದೊಡ್ಡದು ಅನ್ನೋದನ್ನು ಆಮೇಲೆ ನೋಡೋಣ. ನಿಮ್ಮ ಕೈಲಿ ಮಾಡಿ, ತೊಳೆದು, ಒಣಗಿಸಿ, ಒಂದು ತಿಂಗಳು ಕೆಡದಂತೆ ಇಡಲು ಆಗುವುದು ಯಾವುದು? ನನ್ನ ಮೊದಲ ಪ್ರಶ್ನೆ ಇದು.

ಹಾಳೆ ತೆಳ್ಳಗಿದ್ದರೆ ಸಾಲದು

ಗ್ರಾಫೈಟಿನಲ್ಲಿ ಒಂದು ಪದರಕ್ಕೂ ಇನ್ನೊಂದಕ್ಕೂ ಇರುವ ದೂರ 0.335 ನ್ಯಾನೋಮೀಟರ್. ಅಂದರೆ ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಸುಮಾರು 30 ಲಕ್ಷ ಹಾಳೆ. ಅವನ್ನೆಲ್ಲ ಬಿಡಿಬಿಡಿಯಾಗಿ ಹಾಸಿದರೆ, ಎರಡೂ ಮುಖ ಸೇರಿ, ಒಂದು ಗ್ರಾಂಗೆ 2630 ಚದರ ಮೀಟರ್ ಆಗುತ್ತದೆ. ನಮ್ಮ ಹೊಲದ ಲೆಕ್ಕದಲ್ಲಿ 26 ಗುಂಟೆ. ಒಂದು ಚಿಟಿಕೆ ಕಪ್ಪು ಪುಡಿಯಲ್ಲಿ ಅರ್ಧ ಎಕರೆಗೂ ಜಾಸ್ತಿ ಜಾಗ ಅಂದರೆ ಯಾರಿಗಾದರೂ ಆಸೆ ಆಗುತ್ತೆ ಅಲ್ವಾ?

ಆದರೆ ಆ 26 ಗುಂಟೆ ಕೈಗೆ ಸಿಗುವುದಿಲ್ಲ. ಚಿರೋಟಿ ಮಾಡುವಾಗ ಪದರದ ನಡುವೆ ತುಪ್ಪ, ಅಕ್ಕಿಹಿಟ್ಟು ಕಲಸಿ ಸವರದಿದ್ದರೆ ಏನಾಗುತ್ತದೆ? ಎಲ್ಲ ಅಂಟಿಕೊಂಡು ಗಟ್ಟಿ ಪೂರಿ ಆಗುತ್ತದೆ. ಹಾಳೆಗಳ ಕಥೆಯೂ ಅಷ್ಟೇ. ನೀರಿನಲ್ಲಿ ಬಿಡಿಯಾಗಿ ತೇಲುತ್ತಿದ್ದವು ಒಣಗುವಾಗ ಮತ್ತೆ ಒಂದರ ಮೇಲೊಂದು ಕೂರುತ್ತವೆ. ಅಯಾನ್ ಒಳಗೆ ಹೋಗಲು ದಾರಿ ಇಲ್ಲ. ಗುಂಟೆಗಟ್ಟಲೆ ಜಾಗ ಒಳಗೇ ಬೀಗ ಹಾಕಿಕೊಂಡಿರುತ್ತದೆ. ಹಾಗಾಗಿ ವಸ್ತು ಆರಿಸುವಾಗ ನಾನು ಹಾಳೆಗಿಂತ ಜಾಸ್ತಿ ಹಾಳೆಗಳ ನಡುವಿನ ಸಂದು ನೋಡುತ್ತೇನೆ. ಆ ಸಂದಿನಲ್ಲಿ ಏನಿದೆ, ಅದು ಎಷ್ಟು ಅಗಲ, ಒಣಗಿದ ಮೇಲೂ ಉಳಿಯುತ್ತಾ?

ಇನ್ನೊಂದು ಮಾತು ಮೊದಲೇ ತೀರ್ಮಾನ ಆಗಬೇಕು. ನಿಮಗೆ ಬೇಕಾಗಿರುವುದು ಚಾರ್ಜ್ ಕೂಡಿಡುವ ಹಾಳೆಯೋ, ನೀರನ್ನು ಒಡೆಯುವ ಹಾಳೆಯೋ? ಮೊದಲನೆಯದು ಸೂಪರ್‌ಕೆಪಾಸಿಟರ್, ಬ್ಯಾಟರಿ. ಎರಡನೆಯದು ಎಲೆಕ್ಟ್ರೋಕ್ಯಾಟಲಿಸ್ಟ್, ಅಂದರೆ ಕರೆಂಟಿನಲ್ಲಿ ನೀರು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವುದನ್ನು ಸುಲಭ ಮಾಡುವ ವಸ್ತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟ ಮೇಲೆ ಎರಡನೆಯದಕ್ಕೆ ಬೇಡಿಕೆ ಜಾಸ್ತಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವುದನ್ನು ದಿನಾ ನೋಡುವ ನಮ್ಮ ಹುಡುಗರಿಗೆ ಈ ಎರಡೂ ಯಾಕೆ ಬೇಕು ಅಂತ ವಿವರಿಸಬೇಕಾಗಿಲ್ಲ. ಗಾಳಿ ಬೀಸಿದಾಗ ಬಂದ ಕರೆಂಟನ್ನು ಬೀಸದಾಗ ಬಳಸಬೇಕು, ಅಷ್ಟೇ. ಒಂದೇ ವಸ್ತುವಿನಲ್ಲಿ ಎರಡೂ ಮಾಡಿ ತೋರಿಸುವ ಪೇಪರುಗಳು ಬೇಕಾದಷ್ಟಿವೆ. ನಾಲ್ಕು ತಿಂಗಳಲ್ಲಿ ನೀವು ಹಾಗೆ ಮಾಡಲು ಹೋಗಬೇಡಿ.

ಗ್ರಾಫೀನ್: ಮಾಡುವುದು ಸುಲಭ, ಒಣಗಿಸುವುದು ಕಷ್ಟ

2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಂಡ್ರೆ ಗೈಮ್, ಕೋನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಪಟ್ಟಿಯಲ್ಲಿ ಗ್ರಾಫೈಟನ್ನು ಕಿತ್ತು ಕಿತ್ತು ಒಂದೇ ಹಾಳೆ ತೆಗೆದರು, ಅದೇ ಗ್ರಾಫೀನ್. 2010ರಲ್ಲಿ ನೊಬೆಲ್ ಬಂತು. ಆ ದಾರಿಯಲ್ಲಿ ಎಲೆಕ್ಟ್ರೋಡಿಗೆ ಬೇಕಾದಷ್ಟು ಪುಡಿ ಸಿಗುವುದಿಲ್ಲ. ನಾವು ಮಾಡುವುದು 1958ರ ಹಮರ್ಸ್ ವಿಧಾನದ ಗ್ರಾಫೀನ್ ಆಕ್ಸೈಡ್. ಗಂಧಕಾಮ್ಲದಲ್ಲಿ ಗ್ರಾಫೈಟ್ ಕಲಸಿ, ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕುವುದು. ಆಮೇಲೆ ಅದರ ಆಕ್ಸಿಜನ್ ತೆಗೆದರೆ ಗ್ರಾಫೀನ್‌ಗೆ ಹತ್ತಿರದ ಹಾಳೆ ಸಿಗುತ್ತದೆ.

ಇದಕ್ಕೆ ಫರ್ನೇಸ್ ಬೇಡ, ಆಟೋಕ್ಲೇವ್ ಬೇಡ. ಬೇಕಾಗಿರುವುದು ಐಸ್ ಮತ್ತು ತಾಳ್ಮೆ. ಪರ್ಮಾಂಗನೇಟನ್ನು ಚಮಚದ ತುದಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ. ಅವಸರ ಮಾಡಿದರೆ ಬಿಸಿ ಏರುತ್ತದೆ, ಹಸಿರು ಎಣ್ಣೆಯಂಥ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಹುಟ್ಟುತ್ತದೆ, ಅದು 55 ಡಿಗ್ರಿ ದಾಟಿದರೆ ಸಿಡಿಯಬಹುದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಐಸ್ ಬಟ್ಟಲು ಅರ್ಧ ಗಂಟೆಗೇ ನೀರಾಗಿರುತ್ತದೆ ಅನ್ನೋದು ನೆನಪಿರಲಿ. ಈ ಕೆಲಸ ಡಿಸೆಂಬರಿನಲ್ಲಿ ಮುಗಿಸಿಕೊಳ್ಳಿ.

ನಾನು ಕೆಟ್ಟದ್ದು ಒಣಗಿಸುವಾಗ. ಮೊದಲ ಸಲ ಮಾಡಿದಾಗ ಮೂರು ದಿನ ತೊಳೆದಿದ್ದೆ. ಆಮ್ಲ ಹೋದಂತೆಲ್ಲ ಅದು ಉಬ್ಬಿ, ಗಂಜಿಯ ಹಾಗೆ ಆಗಿ, ಸೆಂಟ್ರಿಫ್ಯೂಜಿನಲ್ಲಿ ಕೆಳಗೇ ಕೂರುತ್ತಿರಲಿಲ್ಲ. ಸಾಕಾಗಿ ಪೆಟ್ರಿ ಡಿಶ್‌ಗೆ ಸುರಿದು ರಾತ್ರಿಯಿಡೀ 80 ಡಿಗ್ರಿ ಓವನ್‌ನಲ್ಲಿ ಇಟ್ಟೆ. ಬೆಳಗ್ಗೆ ನೋಡಿದರೆ ಗಾಜಿಗೆ ಕಚ್ಚಿಕೊಂಡ ಕಪ್ಪು ಹಪ್ಪಳ. ಉಗುರಿನಲ್ಲಿ ಎಬ್ಬಿಸಿದರೆ ಚೂರು ಚೂರಾಗಿ ಸಿಡಿಯಿತು, ಅರೆದರೆ ಮರಳಿನ ಹಾಗೆ. ಅದರಿಂದ ಮಾಡಿದ ಎಲೆಕ್ಟ್ರೋಡ್ ಕೊಟ್ಟ ಕೆಪಾಸಿಟೆನ್ಸ್ (ಚಾರ್ಜ್ ಹಿಡಿಯುವ ಶಕ್ತಿ, ಫ್ಯಾರಡ್ ಲೆಕ್ಕದಲ್ಲಿ ಅಳೆಯುವುದು) ಹೇಳಿಕೊಳ್ಳುವಂತಿರಲಿಲ್ಲ. ಫ್ರೀಜ್ ಡ್ರೈಯರ್ ಇದ್ದರೆ ಈ ತೊಂದರೆ ಇಲ್ಲ. ಇಲ್ಲದಿದ್ದರೆ ಒಣಗಿಸಲೇ ಹೋಗಬೇಡಿ. ಗಂಜಿ ಇರುವಾಗಲೇ, ಆಕ್ಸಿಜನ್ ತೆಗೆಯಲು, ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ) ಹಾಕಿ ಬಿಸಿ ಮಾಡಿ, ಜೆಲ್ ಆದ ಮೇಲೆ ಒದ್ದೆಯಾಗಿಯೇ ಎಲೆಕ್ಟ್ರೋಡಿಗೆ ಒತ್ತಿ. ಇದೇ ಕೆಲಸಕ್ಕೆ ಪೇಪರುಗಳಲ್ಲಿ ಹೇಳುವ ಹೈಡ್ರಜೀನ್ ವಿಷ, ನಮ್ಮಂಥ ಲ್ಯಾಬಿಗೆ ಬೇಡ.

ಲೆಕ್ಕದ ಪ್ರಕಾರ ಗ್ರಾಫೀನ್ ಗ್ರಾಂಗೆ 550 ಫ್ಯಾರಡ್ ಕೊಡಬೇಕು. 150ರಿಂದ 200 ಬಂದರೆ ನಿಮ್ಮ ಕೈ ಚೆನ್ನಾಗಿದೆ ಅಂತಲೇ ಅರ್ಥ.

ಮ್ಯಾಕ್ಸೀನ್: ಅಕ್ಕಿ ಹೌದು, ಆದರೆ ಯಾವ ಒಲೆಯಲ್ಲಿ?

ದಾವಣಗೆರೆಯಲ್ಲಿ ಮಂಡಕ್ಕಿ ಚೀಲ ಹೊತ್ತು ಸೈಕಲ್ಲಿನಲ್ಲಿ ಹೋಗುವವರನ್ನು ನೋಡಿದ್ದೀರಲ್ಲ. ಆಳೆತ್ತರದ ಚೀಲ, ಎತ್ತಿದರೆ ತೂಕವೇ ಇಲ್ಲ. ಗ್ರಾಫೀನ್ ಆ ಥರ. ಗ್ರಾಂ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಡಬ್ಬಿಯಲ್ಲಿ ಎಷ್ಟು ಹಿಡಿಸುತ್ತದೆ ಅಂತ ಕೇಳಿದರೆ ಉತ್ತರ ಸಪ್ಪೆ. ಒಂದು ಸೇರು ಮಂಡಕ್ಕಿ ತಿಂದರೂ ಮತ್ತೆ ಹಸಿವಾಗುತ್ತದೆ. ಒಂದು ಸೇರು ಅಕ್ಕಿ ಮನೆಮಂದಿಗೆಲ್ಲ ಆಗುತ್ತದೆ. ಮ್ಯಾಕ್ಸೀನ್ ಅಕ್ಕಿ.

2011ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಯೂರಿ ಗೊಗೊಟ್ಸಿ, ಮಿಷೆಲ್ ಬಾರ್ಸೂಮ್ ತಂಡ ಇದನ್ನು ಮೊದಲು ಮಾಡಿತು. ಟೈಟಾನಿಯಂ, ಅಲ್ಯೂಮಿನಿಯಂ, ಕಾರ್ಬನ್ ಪದರ ಪದರವಾಗಿ ಇರುವ ಒಂದು ಗಟ್ಟಿ ವಸ್ತುವಿನಿಂದ ಅಲ್ಯೂಮಿನಿಯಂ ಪದರವನ್ನಷ್ಟೇ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಿ ತೆಗೆದರು. ಉಳಿದದ್ದು ಟೈಟಾನಿಯಂ ಕಾರ್ಬೈಡ್ ಹಾಳೆ. ಲೋಹದಂತೆ ಕರೆಂಟ್ ಹರಿಸುತ್ತದೆ, ನೀರಿನಲ್ಲೂ ಚೆನ್ನಾಗಿ ಬೆರೆಯುತ್ತದೆ. ಎರಡೂ ಒಟ್ಟಿಗೆ ಸಿಗುವುದು ಅಪರೂಪ. 2014ರಲ್ಲಿ ಅದೇ ತಂಡ ಜೇಡಿಮಣ್ಣಿನ ಹಾಗೆ ಲಟ್ಟಿಸಬಹುದಾದ ಮ್ಯಾಕ್ಸೀನ್ ಮಾಡಿ, ಒಂದು ಘನ ಸೆಂಟಿಮೀಟರ್‌ಗೆ 900 ಫ್ಯಾರಡ್ ತೋರಿಸಿತು. ಗ್ರಾಂ ಲೆಕ್ಕದಲ್ಲಿ ಅದೇ ಹಾಳೆ ಕೊಟ್ಟದ್ದು 245. ಆ 245 ನೋಡಿದರೆ ಗ್ರಾಫೀನ್‌ಗಿಂತ ಅಂಥದ್ದೇನು ಜಾಸ್ತಿ ಅನ್ನಿಸುವುದಿಲ್ಲ. 900 ನೋಡಿದರೆ ಆಟವೇ ಬೇರೆ. ಚಿಕ್ಕ ಜಾಗದಲ್ಲಿ ಜಾಸ್ತಿ ಚಾರ್ಜ್ ಬೇಕಾದ ಕಡೆ, ಉದಾಹರಣೆಗೆ ಕೈಗಡಿಯಾರದಂಥ ಸಾಧನಕ್ಕೆ, ಆಯ್ಕೆ ಇದೇ.

ಈಗ ಒಲೆಯ ಮಾತು. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೇಲೆ ಬಿದ್ದರೆ, ತೆಳು ದ್ರಾವಣವಾದರೆ, ತಕ್ಷಣ ಉರಿಯೂ ಆಗದಿರಬಹುದು. ಒಳಗಿಳಿದು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಹೃದಯದ ಬಡಿತಕ್ಕೇ ತೊಂದರೆ ಕೊಡುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿ ಇರಬೇಕು. ಗಾಜನ್ನೂ ತಿನ್ನುತ್ತದೆ, ಪ್ಲಾಸ್ಟಿಕ್ ಪಾತ್ರೆಯೇ ಬೇಕು. "ಮೇಡಂ, ನಾವು ಆ ಆಮ್ಲ ಮುಟ್ಟಲ್ಲ, ಲಿಥಿಯಂ ಫ್ಲೋರೈಡ್ ಮತ್ತೆ ಹೈಡ್ರೋಕ್ಲೋರಿಕ್ ಆಮ್ಲ ಹಾಕ್ತೀವಿ" ಅಂತ ಹುಡುಗರು ಹೇಳುತ್ತಾರೆ. ಆ ಎರಡು ಸೇರಿದರೆ ಪಾತ್ರೆಯೊಳಗೆ ಹುಟ್ಟುವುದೂ ಅದೇ ಹೈಡ್ರೋಫ್ಲೋರಿಕ್ ಆಮ್ಲ! ಬಾಟಲಿ ಮೇಲೆ ಹೆಸರು ಇಲ್ಲ, ಅಷ್ಟೇ ವ್ಯತ್ಯಾಸ. ಫ್ಯೂಮ್ ಹುಡ್ ಕೆಟ್ಟಿರುವ ಲ್ಯಾಬಿನಲ್ಲಿ ಯಾರಾದರೂ ಇದನ್ನು ಮಾಡುತ್ತೇನೆ ಅಂದರೆ ನಾನು ಸಹಿ ಹಾಕುವುದಿಲ್ಲ.

ಮಾಡಿದ ಮೇಲೂ ನೆಮ್ಮದಿ ಇಲ್ಲ. ನೀರಿನಲ್ಲಿ, ಗಾಳಿ ತಾಗುವ ಸೀಸೆಯಲ್ಲಿ ಇಟ್ಟರೆ ಒಂದೆರಡು ವಾರದಲ್ಲಿ ಕಪ್ಪು ಬಣ್ಣ ಮಾಸಿ ಬೆಳ್ಳಗಾಗುತ್ತಾ ಹೋಗುತ್ತದೆ. ಹಾಳೆ ಟೈಟಾನಿಯಂ ಡೈಆಕ್ಸೈಡ್ ಆಗಿರುತ್ತದೆ, ಅಂದರೆ ಗೋಡೆ ಬಣ್ಣಕ್ಕೆ ಹಾಕುವ ಬಿಳಿ ಪುಡಿ. ಆರ್ಗಾನ್ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಬಾಳಿಕೆ ಜಾಸ್ತಿ. ಮೇ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆ ಕರೆಂಟ್ ಹೋದಾಗ ಆ ಫ್ರಿಜ್ಜಿನ ಗತಿ ಏನು ಅಂತಲೂ ಯೋಚಿಸಿ. ಪಿಎಚ್.ಡಿ. ಮಾಡುವವರು, ಐದು ವರ್ಷ ಕೈಯಲ್ಲಿರುವವರು, ಬೆಂಗಳೂರಿನ ಯಾವುದಾದರೂ ಲ್ಯಾಬಿನ ಜೊತೆ ಸೇರಿ ಮಾಡುವುದಾದರೆ ಖಂಡಿತ ಮಾಡಿ. ಉಳಿದವರಿಗೆ ನನ್ನ ಉತ್ತರ, ಬೇಡ.

ಮಾಲಿಬ್ಡಿನಂ ಡೈಸಲ್ಫೈಡ್: ಅಂಚಿನಲ್ಲಿ ಇರುವ ಜೀವ

ಇದರ ಪದರಗಳ ದೂರ ಸುಮಾರು 0.62 ನ್ಯಾನೋಮೀಟರ್, ಗ್ರಾಫೈಟಿನ ಎರಡರಷ್ಟು ಅಂದುಕೊಳ್ಳಿ. ಸಂದು ಅಗಲ ಇರುವುದರಿಂದ ಲಿಥಿಯಂಗಿಂತ ದಪ್ಪ ಇರುವ ಸೋಡಿಯಂಗೂ ಒಳಗೆ ಹೋಗಲು ಜಾಗ ಇದೆ. ಲಿಥಿಯಂ ಲೆಕ್ಕದಲ್ಲಿ ಗ್ರಾಫೈಟ್ ಗ್ರಾಂಗೆ 372 ಮಿಲಿಆಂಪಿಯರ್ ಗಂಟೆ ಹಿಡಿದರೆ ಇದು ಸುಮಾರು 670. ಕಾಗದದ ಮೇಲೆ ಹತ್ತಿರ ಹತ್ತಿರ ಎರಡರಷ್ಟು. ಆದರೆ ಅಷ್ಟನ್ನು ತುಂಬಿಸಿದಾಗ ಹಾಳೆ ಹಾಳೆಯಾಗಿ ಉಳಿಯುವುದಿಲ್ಲ, ಒಡೆದು ಮಾಲಿಬ್ಡಿನಂ ಮತ್ತು ಲಿಥಿಯಂ ಸಲ್ಫೈಡ್ ಆಗುತ್ತದೆ. ಮೊದಲ ಸುತ್ತಿನಲ್ಲೇ ಒಂದು ಪಾಲು ವಾಪಸ್ ಬರುವುದಿಲ್ಲ. ಜೊತೆಗೆ ಕಾಯಿನ್ ಸೆಲ್ ಕಟ್ಟಲು ಗಾಳಿ ತಾಗದ ಆರ್ಗಾನ್ ಗ್ಲವ್ ಬಾಕ್ಸ್ ಬೇಕು. ಬ್ಯಾಟರಿ ವಿಷಯ ಅಲ್ಲಿಗೆ ಬಿಡಿ.

ಇದು ನಿಜವಾಗಿ ಹೊಳೆಯುವುದು ಹೈಡ್ರೋಜನ್ ಬಿಡಿಸುವಾಗ. ಹಾಳೆಯ ಅಗಲ ಮುಖ ಸುಮ್ನೆ ಮಲಗಿರುತ್ತದೆ, ಕೆಲಸ ಮಾಡುವುದು ಅಂಚು. 2005ರಲ್ಲಿ ಲೆಕ್ಕಾಚಾರದಿಂದ, 2007ರಲ್ಲಿ ಪ್ರಯೋಗದಿಂದ ಇದು ಗೊತ್ತಾಯಿತು. ಹಾಗಾಗಿ ದೊಡ್ಡ ಚೆಂದದ ಹಾಳೆ ಇಲ್ಲಿ ಬೇಡ. ಹರಿದ, ಚಿಂದಿಯಾದ, ಸುಕ್ಕಾದ ಹಾಳೆಯೇ ಲೇಸು. ಸೋಡಿಯಂ ಮಾಲಿಬ್ಡೇಟ್, ಥಯೋಯೂರಿಯಾ ನೀರಿನಲ್ಲಿ ಕರಗಿಸಿ, ಆಟೋಕ್ಲೇವಿನಲ್ಲಿ 200 ಡಿಗ್ರಿಗೆ 24 ಗಂಟೆ ಇಟ್ಟರೆ ಹೂವಿನಂತೆ ಮುದುಡಿದ ಹಾಳೆಗಳ ಗೊಂಚಲು ಸಿಗುತ್ತದೆ. ಹೊರಗೆ ತೆಗೆದು ಮುಚ್ಚಳ ಬಿಚ್ಚುವಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್, ವಿಷ. ಪೂರ್ತಿ ತಣ್ಣಗಾದ ಮೇಲೆ, ಗಾಳಿಯಾಡುವಲ್ಲಿ ಬಿಚ್ಚಿ. ಆ 24 ಗಂಟೆಯ ನಡುವೆ ಕರೆಂಟ್ ಕೈಕೊಟ್ಟರೆ ಪುಡಿ ಒಂದೊಂದು ಸಲ ಒಂದೊಂದು ಥರ ಬರುತ್ತದೆ. ನಮ್ಮಲ್ಲಿ ಮೂರು ಬ್ಯಾಚ್ ಹಾಗೇ ಹೋಗಿವೆ. ಓವನ್ನನ್ನು ಜನರೇಟರ್ ಲೈನಿಗೆ ಹಾಕಿಸಿಕೊಳ್ಳಿ.

ಚದರ ಸೆಂಟಿಮೀಟರ್‌ಗೆ 10 ಮಿಲಿಆಂಪಿಯರ್ ಕರೆಂಟ್ ಹರಿಸಲು ಪ್ಲಾಟಿನಂ ಹೆಚ್ಚುವರಿಯಾಗಿ ಕೇಳುವುದು 30 ಮಿಲಿವೋಲ್ಟ್ ಆಸುಪಾಸು. ಇದು 150ರಿಂದ 250 ಕೇಳುತ್ತದೆ. ಪ್ಲಾಟಿನಂ ಬೆಲೆ ಗೊತ್ತಿದ್ದವರು ಈ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತಾರೆ. ಪದರದ ವಸ್ತುಗಳಲ್ಲಿ ಆಸಕ್ತಿ ಇರುವವರು ನಮ್ಮ ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರ ಕೆಲಸ ಓದಲೇಬೇಕು. ಗ್ರಾಫೀನ್, ಅದರ ಜೊತೆಗೆ ಇಂಥ ಸಲ್ಫೈಡ್ ಹಾಳೆಗಳ ಬಗ್ಗೆ ಅವರ ಗುಂಪು ತುಂಬ ಮಾಡಿದೆ.

ಒಂದು ಎಚ್ಚರಿಕೆ, ನನ್ನದೇ ಪೆಟ್ಟಿನಿಂದ ಕಲಿತದ್ದು. ಈ ಪುಡಿಯನ್ನು ನಿಕ್ಕಲ್ ಫೋಮಿಗೆ (ಸ್ಪಂಜಿನಂತೆ ತೂತು ತೂತಾದ ನಿಕ್ಕಲ್ ತಗಡು) ಬಳಿದು ಗಂಧಕಾಮ್ಲದಲ್ಲಿ ಮುಳುಗಿಸಿದ್ದೆ. ಕರೆಂಟ್ ಚೆನ್ನಾಗಿ ಬಂತು. ಖುಷಿಯಾಗಿ ಚಹಾಕ್ಕೆ ಹೋಗಿ ಬಂದರೆ ಬೀಕರಿನಲ್ಲಿ ತಿಳಿ ಹಸಿರು ನೀರು. ನಿಕ್ಕಲ್ಲೇ ಕರಗುತ್ತಿತ್ತು. ಆಮ್ಲದಲ್ಲಿ ಕಾರ್ಬನ್ ಪೇಪರ್ ಬಳಸಿ.

ನಿಕ್ಕಲ್-ಕಬ್ಬಿಣದ ಜೋಡಿ ಹೈಡ್ರಾಕ್ಸೈಡ್: ನನ್ನ ಪಕ್ಷ

ಲೇಯರ್ಡ್ ಡಬಲ್ ಹೈಡ್ರಾಕ್ಸೈಡ್, ಹೆಸರು ಉದ್ದ. ಎಲ್ಲರೂ ಎಲ್‌ಡಿಎಚ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಇದರ ಹಾಳೆಗೆ ಧನ ಚಾರ್ಜ್ ಇದೆ. ಅದನ್ನು ಸರಿದೂಗಿಸಲು ಹಾಳೆಗಳ ನಡುವೆ ಕಾರ್ಬೋನೇಟ್, ನೈಟ್ರೇಟ್ ಥರದ ಋಣ ಅಯಾನುಗಳು, ನೀರು ಕೂತಿರುತ್ತವೆ. ಅಂದರೆ ಚಿರೋಟಿಯ ತುಪ್ಪ ಇಲ್ಲಿ ಹುಟ್ಟುತ್ತಲೇ ಸವರಿಕೊಂಡು ಬಂದಿದೆ! ಕಾರ್ಬೋನೇಟ್ ಇದ್ದರೆ ಪದರಗಳ ದೂರ 0.77 ನ್ಯಾನೋಮೀಟರ್ ಹತ್ತಿರ, ನೈಟ್ರೇಟ್ ಇದ್ದರೆ 0.89.

ನೀರು ಒಡೆಯುವಾಗ ಕಷ್ಟದ ಭಾಗ ಹೈಡ್ರೋಜನ್ ಅಲ್ಲ, ಆಕ್ಸಿಜನ್. ಒಂದು ಆಕ್ಸಿಜನ್ ಅಣು ಬರಲು ನಾಲ್ಕು ಎಲೆಕ್ಟ್ರಾನ್ ಕಳಚಬೇಕು. ಅದಕ್ಕೆ ಎಲ್ಲರೂ ಹೋಲಿಸುವ ವಸ್ತು ಇರಿಡಿಯಂ ಅಥವಾ ರುಥೇನಿಯಂ ಆಕ್ಸೈಡ್, ಎರಡೂ ದುಬಾರಿ. ಕ್ಷಾರದಲ್ಲಿ ಅವುಗಳ ಸಮಕ್ಕೆ, ಎಷ್ಟೋ ಸಲ ಅವನ್ನೂ ಹಿಂದೆ ಹಾಕಿ ಓಡುವುದು ಈ ಅಗ್ಗದ ನಿಕ್ಕಲ್-ಕಬ್ಬಿಣ. 10 ಮಿಲಿಆಂಪಿಯರ್‌ಗೆ 200ರಿಂದ 300 ಮಿಲಿವೋಲ್ಟ್ ಸಾಕು. ಕಬ್ಬಿಣದ ಮಹಿಮೆ ಎಷ್ಟು ಅಂದರೆ, ಬರೀ ನಿಕ್ಕಲ್ ಹೈಡ್ರಾಕ್ಸೈಡ್ ಇಟ್ಟು ಅಳೆದರೂ ಪೊಟ್ಯಾಷ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿ ಕಲ್ಮಶವಾಗಿ ಇರುವ ಚೂರುಪಾರು ಕಬ್ಬಿಣ ಬಂದು ಸೇರಿಕೊಂಡು ಕೆಲಸ ಹೆಚ್ಚಿಸುತ್ತದೆ. ಎಷ್ಟೋ ವರ್ಷ ನಿಕ್ಕಲ್ಲಿನದು ಅಂದುಕೊಂಡಿದ್ದ ಹೆಸರು ಅರ್ಧ ಕಬ್ಬಿಣದ್ದಾಗಿತ್ತು. ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದ ಬರುವ ನನ್ನ ವಿದ್ಯಾರ್ಥಿಗಳಿಗೆ, ಅದಿರು ಲಾರಿ ನೋಡಿ ಬೆಳೆದವರಿಗೆ, ಇದನ್ನು ಹೇಳುವಾಗ ನನಗೂ ಒಂಥರಾ ಖುಷಿ.

ಮಾಡಲು ಎರಡು ದಾರಿ. ಮೊದಲನೆಯದು, ಎರಡೂ ಲೋಹದ ನೈಟ್ರೇಟ್ ಮತ್ತು ಯೂರಿಯಾ ಕರಗಿಸಿ, ನಿಕ್ಕಲ್ ಫೋಮ್ ಮುಳುಗಿಸಿ ಆಟೋಕ್ಲೇವಿನಲ್ಲಿ 120 ಡಿಗ್ರಿಗೆ 12 ಗಂಟೆ. ಯೂರಿಯಾ ನಿಧಾನಕ್ಕೆ ಒಡೆದು ಅಮೋನಿಯಾ ಬಿಡುತ್ತದೆ, ಹಾಳೆಗಳು ಫೋಮಿನ ಮೇಲೇ ನೆಟ್ಟಗೆ ಬೆಳೆಯುತ್ತವೆ. ನೆಟ್ಟಗೆ ನಿಂತಿರುವುದರಿಂದ ಒಂದರ ಮೇಲೊಂದು ಬೀಳುವ ಪ್ರಶ್ನೆಯೇ ಕಡಿಮೆ. ಎರಡನೆಯದು ಇನ್ನೂ ಸುಲಭ. ಅದೇ ನೈಟ್ರೇಟ್ ದ್ರಾವಣದಲ್ಲಿ ಫೋಮಿಗೆ ಋಣ ವೋಲ್ಟೇಜ್ ಕೊಟ್ಟು ಐದು ನಿಮಿಷ ಬಿಡುವುದು. ಫೋಮಿನ ಬಳಿ ನೈಟ್ರೇಟ್ ಒಡೆದು ಕ್ಷಾರ ಹುಟ್ಟುತ್ತದೆ, ಹಾಳೆ ಅಲ್ಲೇ ಕೂರುತ್ತದೆ. ಆಟೋಕ್ಲೇವೂ ಬೇಡ, ಕರೆಂಟ್ ಹೋಗುವ ಭಯವೂ ಕಡಿಮೆ. ಬೋರ್‌ವೆಲ್ ನೀರಿನಲ್ಲಿ ಮಾತ್ರ ತೊಳೆಯಬೇಡಿ. ಕೊಡದ ತಳದಲ್ಲಿ ಬಿಳಿ ಉಪ್ಪು ಕಟ್ಟುವ ನೀರು ನಮ್ಮದು. ಅದರ ಕ್ಯಾಲ್ಸಿಯಂ ಎಲ್ಲ, ವಸ್ತುವಿನಲ್ಲಿ ಏನಿದೆ ಅಂತ ತೋರಿಸುವ ನಿಮ್ಮ ಎಕ್ಸ್‌ಆರ್‌ಡಿಯಲ್ಲಿ ಬಂದು ಕೂರುತ್ತದೆ.

ಕೊರತೆ ಇಲ್ಲವೇ? ಇದೆ. ಕರೆಂಟ್ ಸರಿಯಾಗಿ ಹರಿಸುವುದಿಲ್ಲ, ಅದಕ್ಕೇ ಫೋಮ್ ಆಸರೆ ಬೇಕು. ಆಮ್ಲದಲ್ಲಿ ಕರಗಿಹೋಗುತ್ತದೆ. ಮಾಲಿಬ್ಡಿನಂ ಹಾಳೆ ಆಮ್ಲದಲ್ಲಿ ಚುರುಕು, ಕ್ಷಾರದಲ್ಲಿ ಮಂದ. ಹಾಗಾಗಿ ಒಂದು ಕಡೆ ಅದು, ಇನ್ನೊಂದು ಕಡೆ ಇದು ಇಟ್ಟು ನೀರು ಒಡೆಯುತ್ತೇನೆ ಅನ್ನುವವರು ಯಾವ ದ್ರಾವಣದಲ್ಲಿ ಅಂತ ಮೊದಲು ಹೇಳಲಿ.

ನಿಕ್ಕಲ್-ಕೋಬಾಲ್ಟ್ ಎಲ್‌ಡಿಎಚ್ ಚಾರ್ಜ್ ಕೂಡಿಡಲೂ ಬರುತ್ತದೆ. ಆದರೆ ಅದು ಬ್ಯಾಟರಿ ಥರ ನಡೆದುಕೊಳ್ಳುತ್ತದೆ, ಕೆಪಾಸಿಟರ್ ಥರ ಅಲ್ಲ. ಫ್ಯಾರಡ್‌ನಲ್ಲಿ ಬರೆಯಬೇಡಿ, ಕೂಲಂಬ್‌ನಲ್ಲಿ ಬರೆಯಿರಿ. ಗ್ರಾಂಗೆ 2000 ಫ್ಯಾರಡ್ ಅಂತ ಬರೆದು ಪರೀಕ್ಷಕರ ಕೈಲಿ ಬೈಸಿಕೊಂಡವರನ್ನು ಕಂಡಿದ್ದೇನೆ.

ಉಳಿದವು ಎರಡೇ ಮಾತಿನಲ್ಲಿ. ಯೂರಿಯಾ ಅಥವಾ ಮೆಲಮಿನ್ 550 ಡಿಗ್ರಿಯಲ್ಲಿ ಸುಟ್ಟರೆ ಸಿಗುವ ಹಳದಿ ಕಾರ್ಬನ್ ನೈಟ್ರೈಡ್ ಅಗ್ಗ, ಬೆಳಕಿನ ಕೆಲಸಕ್ಕೆ ಸೊಗಸು, ಒಂಟಿಯಾಗಿ ಎಲೆಕ್ಟ್ರೋಡಿಗೆ ಬೇಡ. ಬೋರಾನ್ ನೈಟ್ರೈಡ್ ಕರೆಂಟನ್ನೇ ಬಿಡುವುದಿಲ್ಲ. ಕಪ್ಪು ರಂಜಕ ಗಾಳಿಗೆ ಕೆಡುತ್ತದೆ, ಅದರ ಆಸೆ ಬಿಡಿ.

ಅಳೆಯುವಾಗ ಬೀಳುವ ಗುಂಡಿಗಳು

ವಸ್ತು ಸರಿಯಾಗಿ ಆರಿಸಿಯೂ ಸೋಲುವುದು ಇಲ್ಲಿ. ನಿಕ್ಕಲ್ ಇರುವ ಎಲೆಕ್ಟ್ರೋಡಿನಲ್ಲಿ ಆಕ್ಸಿಜನ್ ಬರುವ ಮೊದಲೇ ನಿಕ್ಕಲ್ ತಾನೇ ಉತ್ಕರ್ಷಣಗೊಂಡು ಪರದೆಯ ಗೆರೆಯಲ್ಲಿ ಒಂದು ಗುಡ್ಡ ಎಬ್ಬಿಸುತ್ತದೆ. ಆ ಗುಡ್ಡವೇ 10 ಮಿಲಿಆಂಪಿಯರ್ ದಾಟಿರುತ್ತದೆ. ಅಲ್ಲಿ ಗೆರೆ ಎಳೆದು "ಬರೀ 150 ಮಿಲಿವೋಲ್ಟ್" ಅಂತ ಬರೆದರೆ ಅದು ಆಕ್ಸಿಜನ್ನಿನ ಲೆಕ್ಕವೇ ಅಲ್ಲ. 100 ಮಿಲಿಆಂಪಿಯರ್‌ನಲ್ಲಿ ಅಳೆಯಿರಿ, ಇಲ್ಲವೇ ವೋಲ್ಟೇಜ್ ಇಳಿಸುತ್ತಾ ಬರುವಾಗ ಓದಿ. ಹೈಡ್ರೋಜನ್ ಪ್ರಯೋಗದಲ್ಲಿ ಎದುರು ಎಲೆಕ್ಟ್ರೋಡಾಗಿ ಪ್ಲಾಟಿನಂ ತಂತಿ ಇಟ್ಟರೆ ಅದು ಚೂರುಚೂರೇ ಕರಗಿ ನಿಮ್ಮ ಹಾಳೆಯ ಮೇಲೆ ಕೂರುತ್ತದೆ, ದಿನ ಕಳೆದಂತೆ ನಿಮ್ಮ ವಸ್ತು "ಸುಧಾರಿಸುತ್ತದೆ". ಗ್ರಾಫೈಟ್ ಕಡ್ಡಿ ಇಡಿ. ಕ್ಷಾರದಲ್ಲಿ ಬೆಳ್ಳಿ-ಬೆಳ್ಳಿ ಕ್ಲೋರೈಡ್ ರೆಫರೆನ್ಸ್ (ವೋಲ್ಟೇಜ್ ಹೋಲಿಸಲು ಇಡುವ ಎಲೆಕ್ಟ್ರೋಡ್) ಬೇಗ ಹಾಳಾಗುತ್ತದೆ, ಪಾದರಸ-ಪಾದರಸ ಆಕ್ಸೈಡ್ ತರಿಸಿ.

ಇನ್ನು ಸೂಪರ್‌ಕೆಪಾಸಿಟರ್ ಮಾಡುವವರಿಗೆ. ಅರ್ಧ ಮಿಲಿಗ್ರಾಂ ಬಳಿದು ಗ್ರಾಂ ಲೆಕ್ಕಕ್ಕೆ ಗುಣಿಸಿದರೆ ಎಂಥ ಪುಡಿಯೂ ಹೀರೋ ಆಗುತ್ತದೆ. ಅಂಗಡಿಯಲ್ಲಿ ಸಿಗುವ ಸೆಲ್ಲಿನಲ್ಲಿ ಚದರ ಸೆಂಟಿಮೀಟರ್‌ಗೆ 10 ಮಿಲಿಗ್ರಾಂ ಆಸುಪಾಸು ಇರುತ್ತದೆ. ಮೂರು ಎಲೆಕ್ಟ್ರೋಡಿನಲ್ಲಿ ಬಂದ ಫ್ಯಾರಡ್, ಎರಡು ಎಲೆಕ್ಟ್ರೋಡಿನ ಪೂರ್ತಿ ಸೆಲ್ಲಿನ ತೂಕಕ್ಕೆ ಬಂದಾಗ ನಾಲ್ಕನೇ ಒಂದು ಪಾಲಾಗುತ್ತದೆ. ಯಾವುದನ್ನು ಹೇಳುತ್ತಿದ್ದೀರಿ ಅಂತ ಸ್ಪಷ್ಟವಾಗಿ ಬರೆಯಿರಿ.

ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರ ಬೇಕಾದರೆ ಬೆಂಗಳೂರಿಗೆ ಹೋಗಬೇಕು. ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಹೊರಗಿನ ವಿದ್ಯಾರ್ಥಿಗಳಿಗೂ ಅವಕಾಶ ಇದೆ. ಮುಂಚೆಯೇ ಅರ್ಜಿ ಹಾಕಿ, ಕೊನೆಯ ತಿಂಗಳಿಗೆ ಬಿಡಬೇಡಿ.

ಆ ಮೂವರಿಗೆ ಎಲ್‌ಡಿಎಚ್ ಕೊಟ್ಟೆ. ಮುಖ ಸ್ವಲ್ಪ ಸಪ್ಪೆ ಆಯಿತು. ಮೊದಲ ವಾರ ಖಾಲಿ ಫೋಮನ್ನಷ್ಟೇ ಅಳೆಯಲು ಹೇಳಿದಾಗ ಇನ್ನೂ ಸಪ್ಪೆ ಆಯಿತು. ಖಾಲಿ ಫೋಮಿನ ಗೆರೆ ಕೈಯಲ್ಲಿಲ್ಲದೆ ಬಳಿದ ಫೋಮಿನ ಗೆರೆಗೆ ಬೆಲೆ ಇಲ್ಲ ಅಂತ ಗದರಿದೆ. ಎರಡನೇ ವಾರ ಐದು ನಿಮಿಷ ಕರೆಂಟ್ ಕೊಟ್ಟು ಎತ್ತಿದ ಫೋಮ್ ಬೂದು ಬಣ್ಣದಿಂದ ತಿಳಿ ಕಂದು ಬಣ್ಣಕ್ಕೆ ತಿರುಗಿತ್ತು. ಪೊಟ್ಯಾಷ್ ದ್ರಾವಣಕ್ಕೆ ಇಳಿಸಿ ವೋಲ್ಟೇಜ್ ಏರಿಸಿದಾಗ ಫೋಮಿನ ತುಂಬ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸರಸರ ಮೇಲೇರತೊಡಗಿದವು. ಚಳ್ಳಕೆರೆಯ ಹುಡುಗ ಮೊಬೈಲ್ ತೆಗೆದು ವಿಡಿಯೋ ಮಾಡಿಕೊಂಡ. ಹುಡುಗಿ ಮಾತ್ರ ಪರದೆ ಕಡೆಗೇ ನೋಡುತ್ತಿದ್ದಳು. "ಮೇಡಂ, ಈ ಗುಡ್ಡ ನಿಕ್ಕಲ್ಲಿಂದು ಅಲ್ವಾ? ನಾನು ಇಳಿಸುವಾಗ ಓದ್ತೀನಿ" ಅಂದಳು.